ಮಡಿಕೇರಿಯ ಸುತ್ತ ಸಣ್ಣ ನಡಿಗೆಗಳು: ಎಂಟನೆಯ ತರಗತಿಯ ಪೋಷಕರಿಗೆ ಪತ್ರ

ಬಸವನಗುಡಿ, ಬೆಂಗಳೂರು

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಎಂಟನೆಯ ತರಗತಿಯ ಮಕ್ಕಳ ಈ ವರ್ಷದ ಶೈಕ್ಷಣಿಕ ಪ್ರವಾಸವನ್ನು ಸಂಕ್ರಾಂತಿ ಹಬ್ಬ ಕಳೆದ ಮರುವಾರ, ಗುರುವಾರದಿಂದ ಶನಿವಾರದವರೆಗೆ, ಮಡಿಕೇರಿಗೆ ಏರ್ಪಡಿಸಲು ಶಾಲೆಯು ತೀರ್ಮಾನಿಸಿದೆ. ಒಂದೇ ದಿನದಲ್ಲಿ ಏಳೆಂಟು ಸ್ಥಳಗಳಿಗೆ ಬಸ್ಸಿನಲ್ಲಿ ಓಡಾಡಿ, ಪ್ರತಿಯೊಂದು ಕಡೆಯೂ ಹತ್ತು ನಿಮಿಷ ಇಳಿದು, ಫೋಟೊ ತೆಗೆಸಿಕೊಂಡು ಮತ್ತೆ ಬಸ್ಸು ಹತ್ತುವ ಕ್ರಮವನ್ನು ಈ ಬಾರಿ ಕೈಬಿಟ್ಟಿದ್ದೇವೆ. ಮೂರು ದಿನಗಳಲ್ಲಿ ಮಕ್ಕಳು ನೋಡುವ ಸ್ಥಳಗಳ ಸಂಖ್ಯೆ ಕಡಿಮೆಯಾಗಲಿದೆ. ಆದರೆ ನೋಡುವಷ್ಟನ್ನು ಅವರು ತಮ್ಮ ಕಾಲಿನಿಂದ ನಡೆದು, ನಿಂತು, ಕೂತು ನೋಡಲಿದ್ದಾರೆ. ಈ ಬದಲಾವಣೆಯ ಕಾರಣವನ್ನೂ ಅದಕ್ಕೆ ಮನೆಯಲ್ಲಿ ಆಗಬೇಕಾದ ಸಿದ್ಧತೆಯನ್ನೂ ತಮಗೆ ವಿವರವಾಗಿ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ನಡಿಗೆ ಎಂದ ಕೂಡಲೇ ಕೆಲವು ಪೋಷಕರಿಗೆ ಚಾರಣದ ಚಿತ್ರ ಕಣ್ಣಮುಂದೆ ಬರಬಹುದು. ಹಾಗೇನೂ ಇಲ್ಲ. ಕೊಡಗಿನ ಅತಿ ಎತ್ತರದ ಶಿಖರವಾದ 1,748 ಮೀಟರಿನ ತಡಿಯಂಡಮೋಳನ್ನಾಗಲಿ, ಜೀಪಿನಲ್ಲಿ ಕುಲುಕಾಡಿಸಿಕೊಂಡು ಹೋಗಬೇಕಾದ ಮಾಂದಲಪಟ್ಟಿಯನ್ನಾಗಲಿ ನಾವು ಆರಿಸಿಕೊಂಡಿಲ್ಲ. ಮೊದಲನೆಯದು ಈ ವಯಸ್ಸಿನ ಇಡೀ ತರಗತಿಯನ್ನು ಕರೆದೊಯ್ಯುವಂಥ ಬೆಟ್ಟವಲ್ಲ. ಎರಡನೆಯದರಲ್ಲಿ ನಡಿಗೆಗಿಂತ ವಾಹನ ಪ್ರಯಾಣವೇ ಹೆಚ್ಚು. ನಮ್ಮ ದಾರಿಗಳೆಲ್ಲವೂ ಊರಿನ ಒಳಗಿನವು ಅಥವಾ ಊರಿಗೆ ಹತ್ತಿರದವು. ಓಟದ ಸ್ಪರ್ಧೆಯಲ್ಲಿ ಎಂದೂ ಹೆಸರು ಕೊಡದ ಮಗುವೂ ಆಯಾಸವಿಲ್ಲದೆ ಮುಗಿಸಬಹುದಾದಂಥವು. ತರಗತಿಯ ಒಂದು ಮಗುವೂ ಬಸ್ಸಿನಲ್ಲಿ ಕೂತು ಉಳಿದವರಿಗಾಗಿ ಕಾಯುವಂತಾಗಬಾರದು ಎಂಬುದೇ ಆಯ್ಕೆಯ ಮುಖ್ಯ ಅಳತೆಗೋಲಾಗಿತ್ತು.

ಮೊದಲ ದಿನ ಸಂಜೆಯ ನಡಿಗೆ ರಾಜಾಸೀಟಿಗೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿರುವ ಮಡಿಕೇರಿಯ ಪಶ್ಚಿಮದ ಅಂಚಿನಲ್ಲಿರುವ ಈ ಉದ್ಯಾನದಲ್ಲಿ ನಿಂತರೆ ನೆಲ ಒಮ್ಮೆಲೇ ಕೆಳಗಿಳಿದು, ಬೆಟ್ಟದ ಸಾಲುಗಳು ಒಂದರ ಹಿಂದೊಂದು ತಿಳಿಯಾಗುತ್ತಾ ಹೋಗುವುದು ಕಾಣುತ್ತದೆ. ಕೆಳಗೆ ಮಂಗಳೂರಿನ ಕಡೆಗೆ ಇಳಿಯುವ ರಸ್ತೆ ತಿರುವು ತಿರುವಾಗಿ ಹೋಗಿರುತ್ತದೆ. ಅಲ್ಲಿ ಸೂರ್ಯಾಸ್ತವನ್ನು ನೋಡಲೆಂದೇ ಜನ ಸೇರುತ್ತಾರೆ, ನಾವೂ ನೋಡುತ್ತೇವೆ. ಆದರೆ ಸೂರ್ಯ ಮುಳುಗುವುದಕ್ಕೆ ಸಾಕಷ್ಟು ಮುಂಚೆ ಹೋಗಿ, ಮಕ್ಕಳನ್ನು ಆ ಕಣಿವೆಯ ಎದುರು ಸುಮ್ಮನೆ ಕೂರಿಸಬೇಕೆಂಬುದು ನನ್ನ ಆಸೆ. ಭೂಗೋಳದ ತರಗತಿಯಲ್ಲಿ ಜಲಾನಯನ ಪ್ರದೇಶ ಎಂಬ ಪದವನ್ನು ಅವರು ಈಗಾಗಲೇ ಬರೆದುಕೊಂಡಿದ್ದಾರೆ. ಮಡಿಕೇರಿಯ ಈ ಏಣಿನ ಪಶ್ಚಿಮಕ್ಕೆ ಬಿದ್ದ ಮಳೆ ಪಯಸ್ವಿನಿಯಾಗಿ ಸುಳ್ಯದ ಮೇಲೆ ಹರಿದು ಅರಬ್ಬೀ ಸಮುದ್ರ ಸೇರಿದರೆ, ಪೂರ್ವಕ್ಕೆ ಬಿದ್ದ ಮಳೆ ಹಾರಂಗಿಯ ಮೂಲಕ ಕಾವೇರಿಯಾಗಿ ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ. ಪುಸ್ತಕದ ನಕ್ಷೆಯಲ್ಲಿ ಒಂದು ಚುಕ್ಕೆಗೆರೆಯಾಗಿರುವುದು ಇಲ್ಲಿ ಕಾಲಕೆಳಗಿನ ನೆಲವಾಗಿರುತ್ತದೆ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೆಂಗಳೂರಿನ ನಲ್ಲಿಗಳಲ್ಲಿ ಬರುವ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ, ಹಂತ ಹಂತವಾಗಿ ಪಂಪು ಮಾಡಿ ತರಲಾಗುತ್ತದೆ. 2024ರ ಅಕ್ಟೋಬರಿನಲ್ಲಿ ಚಾಲನೆಗೊಂಡ ಐದನೆಯ ಹಂತದ ಯೋಜನೆಯ ಸುದ್ದಿಯನ್ನು ನಮ್ಮ ಮಕ್ಕಳು ಪತ್ರಿಕೆಯಲ್ಲಿ ಓದಿ ಪ್ರಾರ್ಥನಾ ಸಭೆಯಲ್ಲಿ ಹೇಳಿದ್ದರು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದದ್ದು ಅನೇಕ ಮನೆಗಳಿಗೆ ಇನ್ನೂ ನೆನಪಿರಬೇಕು. ಆ ನೀರಿನ ಮೊದಲ ಹನಿಗಳು ಇಳಿಯುವ ಬೆಟ್ಟಗಳನ್ನು ಬೆಂಗಳೂರಿನ ಮಗು ಒಮ್ಮೆಯಾದರೂ ನಡೆದು ನೋಡಬೇಕು ಎಂದು ನಾನು ನಂಬಿದ್ದೇನೆ. ಊಟಿಯನ್ನೋ ಕೊಡೈಕೆನಾಲನ್ನೋ ಬಿಟ್ಟು ಮಡಿಕೇರಿಯನ್ನು ಆರಿಸಿಕೊಂಡದ್ದು ಇದಕ್ಕಾಗಿ.

ಎರಡನೆಯ ದಿನ ಬೆಳಿಗ್ಗೆ ಊರೊಳಗಿನ ನಡಿಗೆ. ಕೋಟೆ, ಓಂಕಾರೇಶ್ವರ ದೇವಸ್ಥಾನ, ಕೊಡಗಿನ ಅರಸರ ಸಮಾಧಿಗಳಿರುವ ಗದ್ದಿಗೆ ಈ ಮೂರೂ ಒಂದಕ್ಕೊಂದು ನಡೆದು ತಲುಪುವಷ್ಟು ಸಮೀಪದಲ್ಲಿವೆ. ಮಡಿಕೇರಿ ಏರಿಳಿತದ ಊರಾದ್ದರಿಂದ ಚಿಕ್ಕ ದಾರಿಯೂ ಉಸಿರು ಹೆಚ್ಚಿಸುತ್ತದೆ. ನಡುನಡುವೆ ನಿಲ್ಲುತ್ತಲೇ ಹೋಗುತ್ತೇವೆ. ಹದಿನೇಳನೆಯ ಶತಮಾನದಲ್ಲಿ ಮುದ್ದುರಾಜ ಮಣ್ಣಿನಲ್ಲಿ ಕಟ್ಟಿಸಿದ ಕೋಟೆಯನ್ನು ನಂತರ ಟಿಪ್ಪು ಸುಲ್ತಾನ ಕಲ್ಲಿನಲ್ಲಿ ಕಟ್ಟಿಸಿದ. ಒಳಗೆ ಗಾರೆಯಲ್ಲಿ ಮಾಡಿದ ನಿಜಗಾತ್ರದ ಎರಡು ಆನೆಗಳೂ, ಬ್ರಿಟಿಷರ ಕಾಲದಲ್ಲಿ 1859ರ ಹೊತ್ತಿಗೆ ಪೂರ್ಣಗೊಂಡ ಚರ್ಚ್ ಕಟ್ಟಡವೂ ಇವೆ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರು, ಎದುರಿಗೆ ಮೀನುಗಳಿರುವ ಕಲ್ಯಾಣಿ. ಇತಿಹಾಸದ ಅಧ್ಯಾಪಕಿಯವರು ಸ್ಥಳದಲ್ಲಿ ಭಾಷಣ ಮಾಡುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದಾರೆ. ಮಕ್ಕಳು ಮೊದಲು ನೋಡಿ, ಕಂಡದ್ದನ್ನು ಬಿಡಿಸಿ, ಆಮೇಲೆ ಪ್ರಶ್ನೆ ಕೇಳುತ್ತಾರೆ.

ಅದೇ ಮಧ್ಯಾಹ್ನ ಅಬ್ಬಿ ಜಲಪಾತ. ಊರಿನಿಂದ ಸುಮಾರು ಎಂಟು ಕಿಲೋಮೀಟರ್ ದೂರವನ್ನು ಬಸ್ಸಿನಲ್ಲಿ ಕ್ರಮಿಸಿ, ಅಲ್ಲಿಂದ ಕಾಫಿ, ಏಲಕ್ಕಿ ತೋಟಗಳ ನಡುವಿನ ಕಾಲುದಾರಿಯಲ್ಲಿ ಮೆಟ್ಟಿಲಿಳಿದು ಹೋಗಬೇಕು. ಜನವರಿಯಲ್ಲಿ ಜಲಪಾತಕ್ಕೆ ಮಳೆಗಾಲದ ಅಬ್ಬರ ಇರುವುದಿಲ್ಲ. ಇದನ್ನು ಮಕ್ಕಳಿಗೆ ಮುಂಚೆಯೇ ಹೇಳಿದ್ದೇವೆ. ನನ್ನ ಮಟ್ಟಿಗೆ ಈ ನಡಿಗೆಯ ಸಾರವಿರುವುದು ದಾರಿಯಲ್ಲೇ. ತಲೆಯ ಮೇಲೆ ನೆರಳಿನ ಮರಗಳು, ಸಿಲ್ವರ್ ಓಕ್ ಕಾಂಡಗಳನ್ನು ತಬ್ಬಿ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಎದೆಯೆತ್ತರದ ಕಾಫಿ ಗಿಡ. ಅದು ಹಣ್ಣು ಕೊಯ್ಯುವ ಕಾಲ. ಕೆಂಪಗೆ ಮಾಗಿದ ಹಣ್ಣೊಂದನ್ನು ಬೆರಳುಗಳ ನಡುವೆ ಹಿಂಡಿದರೆ, ಅಂಟಂಟಾದ ಸಿಹಿ ಲೋಳೆಯೊಳಗಿಂದ ಎರಡು ಬೀಜಗಳು ಜಾರಿ ಹೊರಬರುತ್ತವೆ. ಹಣ್ಣಿನೊಳಗೆ ಅವು ತಮ್ಮ ಚಪ್ಪಟೆ ಮುಖಗಳನ್ನು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಒಳಗೆ ಕಾಫಿಯ ಪರಿಮಳ ಒಂದಿಷ್ಟೂ ಇರುವುದಿಲ್ಲ. ಬೆಳಗಾದರೆ ಫಿಲ್ಟರ್ ಕಾಫಿಯ ವಾಸನೆಯಲ್ಲೇ ಕಣ್ಣುಬಿಡುವ ಬಸವನಗುಡಿಯ ಮಕ್ಕಳು, ಆ ವಾಸನೆ ಹಣ್ಣಿನಲ್ಲಿಲ್ಲದೆ ಹುರಿಯುವ ಬೆಂಕಿಯಿಂದ ಬರುತ್ತದೆಂಬುದನ್ನು ಅಲ್ಲಿ ತಾವೇ ಮೂಸಿ ತಿಳಿಯುತ್ತಾರೆ. ತೋಟಗಳು ಖಾಸಗಿಯವರ ಆಸ್ತಿಯಾದ್ದರಿಂದ ಗಿಡದಿಂದ ಏನನ್ನೂ ಕೀಳುವಂತಿಲ್ಲ; ತೋಟದವರು ತಾವಾಗಿ ಕೊಟ್ಟರೆ ಮಾತ್ರ ಕೈಗೆ ತೆಗೆದುಕೊಳ್ಳಬಹುದು. ಜಲಪಾತದ ಬಳಿ ಬೇಲಿಯ ಆಚೆಗೆ ಒಂದು ಹೆಜ್ಜೆಯನ್ನೂ ಇಡಲು ಅನುಮತಿಯಿಲ್ಲ, ಯಾರೂ ನೀರಿಗಿಳಿಯುವುದಿಲ್ಲ. ಈ ವಿಷಯದಲ್ಲಿ ಯಾವ ಮಗುವಿಗೂ, ಯಾವ ಶಿಕ್ಷಕರಿಗೂ ವಿನಾಯಿತಿ ಇರುವುದಿಲ್ಲ.

ಇಳಿಯುವುದು ಸುಲಭ, ವಾಪಸು ಹತ್ತುವಾಗ ಮೊಣಕಾಲಿಗೆ ಕೆಲಸ ಬೀಳುತ್ತದೆ. ಆದ್ದರಿಂದ ನಡಿಗೆಯ ಕ್ರಮವನ್ನು ಹೀಗೆ ನಿಗದಿಪಡಿಸಿದ್ದೇವೆ: ಒಬ್ಬ ಶಿಕ್ಷಕರು ಎಲ್ಲರಿಗಿಂತ ಮುಂದೆ, ಒಬ್ಬರು ಎಲ್ಲರಿಗಿಂತ ಹಿಂದೆ. ಮುಂದಿನ ಶಿಕ್ಷಕರನ್ನು ಯಾರೂ ದಾಟುವುದಿಲ್ಲ, ಹಿಂದಿನವರಿಗಿಂತ ಹಿಂದೆ ಯಾರೂ ಉಳಿಯುವುದಿಲ್ಲ. ನಿಧಾನವಾಗಿ ನಡೆಯುವ ಮಕ್ಕಳು ಮುಂದಿನ ಶಿಕ್ಷಕರ ಬೆನ್ನಿಗೇ ಇರುತ್ತಾರೆ, ಗುಂಪಿನ ವೇಗ ಅವರದೇ. ಬೇಗ ನಡೆಯುವವರು ಅಲ್ಲಲ್ಲಿ ನಿಂತು ಕಾಯಬೇಕಾಗುತ್ತದೆ. ಕಾಯುವಾಗ ಕಿವಿಗೊಟ್ಟರೆ, ಬೇರೆ ಹಕ್ಕಿಗಳ ದನಿಯನ್ನೆಲ್ಲ ಅನುಕರಿಸುವ ಕಾಜಾಣದ ಕೂಗು ಕೇಳಿಸಲೂಬಹುದು.

ಮೂರನೆಯ ದಿನ ಬೆಂಗಳೂರಿಗೆ ಹಿಂದಿರುಗುವ ದಾರಿಯಲ್ಲಿ ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮದಲ್ಲಿ ಬಿದಿರಿನ ನೆರಳಿನ ಸಮತಟ್ಟು ದಾರಿಗಳಲ್ಲಿ ಒಂದು ಗಂಟೆ ಅಡ್ಡಾಡಿ, ಊಟ ಮುಗಿಸಿ ಹೊರಡುತ್ತೇವೆ.

ಸುರಕ್ಷತೆಯ ಬಗ್ಗೆ ತಮ್ಮಲ್ಲಿ ಪ್ರಶ್ನೆಗಳಿರುವುದು ಸಹಜ. 2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಗುಡ್ಡಗಳು ಕುಸಿದು ಜನ ಮನೆ ಮಠ ಕಳೆದುಕೊಂಡದ್ದನ್ನು ನಾವೆಲ್ಲ ಬಲ್ಲೆವು. ಮಳೆಗಾಲದಲ್ಲಿ ಮಕ್ಕಳನ್ನು ಆ ಬೆಟ್ಟಗಳಿಗೆ ಕರೆದೊಯ್ಯುವುದಿಲ್ಲ ಎಂಬುದು ಶಾಲೆಯ ಖಚಿತ ನಿಲುವು. ಜನವರಿಯನ್ನು ಆರಿಸಲು ಕಾಫಿ ಕೊಯ್ಲಿಗಿಂತ ಮೊದಲ ಕಾರಣ ಇದೇ. ಅಂಥ ನಷ್ಟ ಅನುಭವಿಸಿದ ಊರಿನ ಜನರ ನಡುವೆ ನಾವು ಅತಿಥಿಗಳಾಗಿ ಓಡಾಡುತ್ತೇವೆ ಎಂಬ ಅರಿವು ಮಕ್ಕಳಲ್ಲಿರಬೇಕು. ಕುತೂಹಲಕ್ಕಾಗಿ ಯಾರ ಮನೆಯ ಕಷ್ಟವನ್ನೂ ಕೆದಕಿ ಕೇಳಬಾರದೆಂದು ದಯವಿಟ್ಟು ತಾವೂ ಒಂದು ಮಾತು ಹೇಳಿ. ಜಿಗಣೆಯ ಭಯ ಬೇಡ, ಅವುಗಳ ಕಾಟ ಮಳೆಗಾಲದ್ದು.

ಪ್ರಯಾಣ ದೀರ್ಘವಾದದ್ದು. ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಸುಮಾರು 260 ಕಿಲೋಮೀಟರ್ ಆಗುತ್ತದೆ. ಹೋಗುವಾಗಲೂ ಬರುವಾಗಲೂ ಹಗಲಿನಲ್ಲೇ ಪ್ರಯಾಣ. ಬರುವ ದಿನ ಕತ್ತಲಾಗುವ ಮುನ್ನ ಊರು ಸೇರುವಂತೆ ಹೊರಡುತ್ತೇವೆ. ಕುಶಾಲನಗರ ದಾಟಿದ ಮೇಲೆ ರಸ್ತೆಗೆ ತಿರುವುಗಳು ಹೆಚ್ಚು. ಬಸ್ಸಿನಲ್ಲಿ ವಾಂತಿಯಾಗುವ ಮಕ್ಕಳ ಹೆಸರನ್ನು ತರಗತಿಯ ಶಿಕ್ಷಕರಿಗೆ ತಿಳಿಸಿದರೆ ಅವರಿಗೆ ಮುಂದಿನ ಸೀಟು ಕಾಯ್ದಿರಿಸುತ್ತೇವೆ. ಹೊರಡುವ ಬೆಳಿಗ್ಗೆ ಎರಡು ಇಡ್ಲಿಯಷ್ಟು ಹಗುರವಾದ ತಿಂಡಿ ಸಾಕು, ಪೂರಿ ವಡೆ ಬೇಡ.

ಎಲ್ಲಕ್ಕಿಂತ ಮುಖ್ಯವಾದ ವಿನಂತಿ ಪಾದರಕ್ಷೆಯದು. ಪ್ರವಾಸಕ್ಕೆಂದು ಹೊಸ ಶೂ ಕೊಡಿಸಬೇಡಿ. ಹೊಸ ಶೂ ಹಿಮ್ಮಡಿ ಕಚ್ಚಿ ಬೊಕ್ಕೆ ಎಬ್ಬಿಸಿದರೆ ಮಗುವಿಗೆ ಉಳಿದ ದಿನಗಳ ಸಂತೋಷವೆಲ್ಲ ಹೋಗುತ್ತದೆ. ಆಟದ ಮೈದಾನದಲ್ಲಿ ದಿನವೂ ಹಾಕುವ, ಅಡಿ ಸವೆಯದ ಶೂ ಒಳ್ಳೆಯದು, ಜೊತೆಗೆ ಎರಡು ಜೊತೆ ಹತ್ತಿಯ ಕಾಲುಚೀಲ. ಮಡಿಕೇರಿಯ ಜನವರಿಯ ಮುಂಜಾನೆ ಬೆಂಗಳೂರಿಗಿಂತ ಹೆಚ್ಚು ಚಳಿ, ಮಧ್ಯಾಹ್ನದ ಬಿಸಿಲು ಚುರುಕು. ಸ್ವೆಟರ್, ಟೊಪ್ಪಿ ಎರಡೂ ಇರಲಿ. ಸ್ಟೀಲ್ ನೀರಿನ ಬಾಟಲಿ ಕಡ್ಡಾಯ. ಚಿಪ್ಸ್ ಪೊಟ್ಟಣಗಳನ್ನು ಕಳುಹಿಸಬೇಡಿ. ಚಕ್ಕುಲಿ, ಕಡಲೆಕಾಯಿ ಉಂಡೆಯಂಥದ್ದನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟರೆ ದಾರಿಯಲ್ಲಿ ಕಸವಾಗುವುದಿಲ್ಲ. ಮೊಬೈಲ್ ಫೋನಿಗೆ ಅನುಮತಿಯಿಲ್ಲ. ಪ್ರತಿ ರಾತ್ರಿ ಊಟದ ನಂತರ ಶಿಕ್ಷಕರೇ ತಮಗೆ ಸಂದೇಶ ಕಳುಹಿಸುತ್ತಾರೆ.

ಉಬ್ಬಸವಿರುವ ಮಕ್ಕಳ ಇನ್‌ಹೇಲರ್ ಹಾಗೂ ದಿನವೂ ತೆಗೆದುಕೊಳ್ಳುವ ಔಷಧಿಗಳನ್ನು ಹೆಸರು ಬರೆದು ಶಿಕ್ಷಕರ ಕೈಗೆ ಕೊಡಬೇಕು. ಮುಟ್ಟಿನ ದಿನಗಳಿಗೆ ಬೇಕಾದದ್ದೆಲ್ಲ ಶಿಕ್ಷಕಿಯರ ಬಳಿ ಇರುತ್ತದೆ. ಆ ಕಾರಣಕ್ಕಾಗಿ ಯಾವ ಹೆಣ್ಣುಮಗುವನ್ನೂ ಮನೆಯಲ್ಲಿ ಉಳಿಸಿಕೊಳ್ಳಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಡೆಯಲು ತೊಂದರೆಯಿರುವ ಮಗುವಿನ ತಂದೆ ತಾಯಿಯರು ನನ್ನನ್ನು ಕಾಣಲಿ. ಯಾವ ದಾರಿಯ ಎಷ್ಟು ಭಾಗ ಆ ಮಗುವಿಗೆ ಸಾಧ್ಯ, ಎಲ್ಲಿ ವಾಹನ ಬೇಕು ಎಂಬುದನ್ನು ಒಟ್ಟಿಗೆ ಕೂತು ನಿರ್ಧರಿಸೋಣ. ಪ್ರವಾಸದ ಶುಲ್ಕ ಹೊರೆಯಾಗುವವರೂ ಸಂಕೋಚವಿಲ್ಲದೆ ಬಂದು ಮಾತನಾಡಬಹುದು, ಆ ಮಾತು ನನ್ನ ಕೋಣೆಯಿಂದ ಹೊರಗೆ ಹೋಗುವುದಿಲ್ಲ.

ಮಕ್ಕಳ ಕಾಲು ಪಳಗಲೆಂದು ಡಿಸೆಂಬರ್ ತಿಂಗಳ ಶನಿವಾರಗಳಂದು ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡಿಗೆ ಇಟ್ಟುಕೊಂಡಿದ್ದೇವೆ. ಪಶ್ಚಿಮ ದ್ವಾರದಲ್ಲಿ ಸೇರಿ, ಕೆರೆಯ ಏರಿಯ ಮೇಲೆ ನಡೆದು, ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಹತ್ತುತ್ತೇವೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಬಂಡೆಯ ಮೇಲೆ ನಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ಜಾರಿ ಆಡಿದವರೇ. ತಂದೆ ತಾಯಿ, ಅಜ್ಜಿ ತಾತಂದಿರೂ ಜೊತೆಗೆ ಬಂದರೆ ನಮಗೆ ಸಂತೋಷ. ಮಗು ಎಷ್ಟು ನಡೆಯಬಲ್ಲುದು, ಎಲ್ಲಿ ದಣಿಯುತ್ತದೆ ಎಂಬುದು ತಮಗೂ ಕಣ್ಣಾರೆ ತಿಳಿಯುತ್ತದೆ. ಬರಲಾಗದವರು ಸಂಜೆಯ ಹೊತ್ತು ಮನೆಯ ಸುತ್ತಮುತ್ತ ಮಗುವಿನೊಂದಿಗೆ ಅರ್ಧ ಗಂಟೆ ನಡೆದರೂ ಸಾಕು.

ಈ ಪತ್ರದ ಜೊತೆಗಿರುವ ಒಪ್ಪಿಗೆ ಪತ್ರವನ್ನು ತಂದೆ ಅಥವಾ ತಾಯಿ ಇಲ್ಲವೇ ಪಾಲಕರು ಸಹಿ ಮಾಡಿ, ಆರೋಗ್ಯದ ವಿವರಗಳನ್ನು ಮರೆಮಾಚದೆ ತುಂಬಿಸಿ, ನವೆಂಬರ್ ತಿಂಗಳ ಕೊನೆಯ ಶನಿವಾರದೊಳಗೆ ತರಗತಿಯ ಶಿಕ್ಷಕರಿಗೆ ತಲುಪಿಸಬೇಕೆಂದು ಕೋರುತ್ತೇನೆ. ಅದೇ ದಿನ ಶಾಲೆ ಬಿಟ್ಟ ನಂತರ ಪ್ರಾರ್ಥನಾ ಸಭಾಂಗಣದಲ್ಲಿ ಪೋಷಕರ ಸಭೆ ಇರುತ್ತದೆ. ದಾರಿಗಳ ನಕ್ಷೆ, ವಸತಿಯ ವ್ಯವಸ್ಥೆ, ಜೊತೆಗೆ ಹೊರಡುವ ಶಿಕ್ಷಕರು ಎಲ್ಲವನ್ನೂ ತಾವು ಅಲ್ಲಿ ನೋಡಿ, ವಿಚಾರಿಸಿಕೊಳ್ಳಬಹುದು.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ