ಪಾಸ್‌ವರ್ಡ್ ಕಾಣಲಿಲ್ಲ ಅಂತ ಫಾರ್ಮ್ಯಾಟ್ ಮಾಡಿಸಬೇಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಆಮೇಲೆ ನಮ್ಮ ಶಿರಸಿ ಕಡೆ ಎಷ್ಟೋ ಮನೆಗಳಲ್ಲಿ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿಸುತ್ತಿದ್ದಾರೆ. ನಾವೂ ಹಾಕಿಸಿದೆವು. ಅಂಗಡಿಯಿಂದ ಮನೆಗೆ ತಂದು ಫೈರ್‌ಫಾಕ್ಸ್ ಬ್ರೌಸರ್ ತೆರೆದರೆ ಅದರಲ್ಲಿ ಉಳಿಸಿಟ್ಟ ಒಂದೇ ಒಂದು ಪಾಸ್‌ವರ್ಡ್ ಇಲ್ಲ!

ಅದು ನನ್ನ ಮಾವನವರ ಕಂಪ್ಯೂಟರ್. ನಿವೃತ್ತ ಶಿಕ್ಷಕರು. ಇಮೇಲ್, ವಿಮೆ ಕಂತು, ಕರೆಂಟ್ ಬಿಲ್, ತೆರಿಗೆ, ಎಲ್ಲವನ್ನೂ ಈ ವಯಸ್ಸಿನಲ್ಲಿ ತಾವೇ ಕಲಿತು ಮಾಡುತ್ತಾರೆ. ಪಾಸ್‌ವರ್ಡ್ ಮಾತ್ರ ಬ್ರೌಸರ್ ನೆನಪಿಟ್ಟುಕೊಳ್ಳುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ, ಹಳೆಯದೆಲ್ಲ ಹೋಯಿತು, ಹೊಸ ಪಾಸ್‌ವರ್ಡ್ ಮಾಡಿಕೊಳ್ಳಿ, ಸರಿಯಾಗದಿದ್ದರೆ ಫಾರ್ಮ್ಯಾಟ್ ಮಾಡಿ, ಅಂದರೆ ಡ್ರೈವ್ ಪೂರ್ತಿ ಅಳಿಸಿ, ಇನ್ನೊಮ್ಮೆ ಹಾಕಿಕೊಡುತ್ತೇವೆ ಅಂದರು. ಹೊಸದು ಮಾಡುವುದು ಹೇಳಿದಷ್ಟು ಸುಲಭ ಅಲ್ಲ. ನಮ್ಮನೆ ಇರುವುದು ಕಣಿವೆಯಲ್ಲಿ, ತೋಟದ ಪಕ್ಕ. ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಒಟಿಪಿ ನೋಡಿಕೊಂಡು ಇಳಿದು ಬರುವಷ್ಟರಲ್ಲಿ ಅದರ ಹೊತ್ತು ಮುಗಿದಿರುತ್ತದೆ. ಮಾವ ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ ಇಳಿದರು. ನೋಡಿ ಸಂಕಟ ಆಯಿತು.

ಸಂಜೆ ಬೆಂಗಳೂರಿನಲ್ಲಿರುವ ಮೈದುನ ಫೋನ್ ಮಾಡಿದಾಗ ಹೇಳಿದೆ. "ಅತ್ತಿಗೆ, ಎಂತದೂ ಮುಟ್ಟಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ, ಮೊದಲು ಸಿ ಡ್ರೈವ್ ತೆರೆಯಿರಿ" ಅಂದ. ಅಲ್ಲಿ 'ವಿಂಡೋಸ್ ಡಾಟ್ ಓಲ್ಡ್' (Windows.old) ಅಂತ ಒಂದು ಫೋಲ್ಡರ್ ಇತ್ತು. ಡ್ರೈವ್ ಅಳಿಸದೆ ಹೊಸ ವಿಂಡೋಸ್ ಹಾಕಿದರೆ ಹಳೆಯದೆಲ್ಲ ಅದರೊಳಗೆ ಹೋಗಿ ಕೂರುತ್ತದಂತೆ. ಆದರೆ ಸಾಮಾನ್ಯವಾಗಿ 10 ದಿನ ಕಳೆದ ಮೇಲೆ ವಿಂಡೋಸ್ ಅದನ್ನು ತಾನಾಗಿಯೇ ಅಳಿಸುತ್ತದೆ. ನಮ್ಮದು ಆಗಲೇ ಆರನೇ ದಿನ.

ಅದರೊಳಗೆ ಯೂಸರ್ಸ್, ಮಾವನ ಹೆಸರಿನ ಫೋಲ್ಡರ್, ಆಪ್‌ಡೇಟಾ, ರೋಮಿಂಗ್, ಮೊಜಿಲ್ಲಾ, ಫೈರ್‌ಫಾಕ್ಸ್, ಪ್ರೊಫೈಲ್ಸ್ ಅಂತ ಒಂದೊಂದೇ ತೆರೆಯುತ್ತಾ ಹೋದೆ. ಆಪ್‌ಡೇಟಾ ಸುಮ್ನೆ ನೋಡಿದರೆ ಕಾಣುವುದಿಲ್ಲ, 'ವ್ಯೂ' ಮೆನುವಿನಲ್ಲಿ ಅಡಗಿಸಿದ ಫೈಲುಗಳನ್ನು ತೋರಿಸು ಅಂತ ಹೇಳಬೇಕು. ಕೊನೆಗೆ ನಮಗೆ ಬೇಕಾದ ಎರಡು ಫೈಲ್ ಸಿಕ್ಕಿದವು: 'ಲಾಗಿನ್ಸ್ ಡಾಟ್ ಜೇಸನ್' (logins.json) ಮತ್ತು 'ಕೀ4 ಡಾಟ್ ಡಿಬಿ' (key4.db). ಮೊದಲನೆಯದು ಪಾಸ್‌ವರ್ಡ್ ಇಟ್ಟ ಪೆಟ್ಟಿಗೆ, ಎರಡನೆಯದು ಅದರ ಬೀಗದ ಕೈ. ಒಂದನ್ನು ಬಿಟ್ಟು ಒಂದು ತಂದರೆ ಪ್ರಯೋಜನ ಇಲ್ಲ. ಹೊಸ ಫೈರ್‌ಫಾಕ್ಸ್‌ನ ಪ್ರೊಫೈಲ್ ಫೋಲ್ಡರ್ ತೆರೆದಿಟ್ಟುಕೊಂಡು, ಫೈರ್‌ಫಾಕ್ಸ್ ಪೂರ್ತಿ ಮುಚ್ಚಿ, ಎರಡನ್ನೂ ಅಲ್ಲಿಗೆ ಕಾಪಿ ಮಾಡಿದೆ. ಮತ್ತೆ ತೆರೆದಾಗ ಎಲ್ಲಾ ಪಾಸ್‌ವರ್ಡ್ ಇದ್ದವು. ಮಾವ ಕುರ್ಚಿ ಎಳೆದುಕೊಂಡು ಬಂದು ಒಂದೊಂದೇ ಓದಿ ನೋಡಿದರು.

ಕ್ರೋಮ್ ಬಳಸುವವರಿಗೆ ಈ ದಾರಿ ಆಗುವುದಿಲ್ಲ. ವಿಂಡೋಸ್‌ನಲ್ಲಿ ಅದರ ಪಾಸ್‌ವರ್ಡ್‌ಗಳ ಬೀಗ ಆ ಕಂಪ್ಯೂಟರಿನ ವಿಂಡೋಸ್ ಖಾತೆಗೆ ಅಂಟಿಕೊಂಡಿರುತ್ತದೆ, ಹೊಸ ವಿಂಡೋಸ್‌ಗೆ ಫೈಲ್ ಕಾಪಿ ಮಾಡಿದರೂ ತೆರೆಯುವುದಿಲ್ಲ. ಮೊದಲೇ ಗೂಗಲ್ ಖಾತೆಯಲ್ಲಿ ಉಳಿಸಿದ್ದರೆ ಅಲ್ಲಿಂದ ವಾಪಸ್ ಬರುತ್ತವೆ. ಅದಕ್ಕೇ ಅಲ್ಲಿ ಉಳಿದಿವೆಯಾ ಅಂತ ಕಂಪ್ಯೂಟರ್ ಅಂಗಡಿಗೆ ಕೊಡುವ ಮೊದಲೇ ನೋಡಿಕೊಳ್ಳಿ.

ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಫೋಟೋ, ಡಾಕ್ಯುಮೆಂಟ್ ಉಳಿಸಬೇಕಾ ಅಂತ ಕೇಳುತ್ತೀರಿ, ಒಳ್ಳೆಯದು. ಯಾವ ಬ್ರೌಸರ್, ಪಾಸ್‌ವರ್ಡ್ ಅದರಲ್ಲಿದೆಯಾ ಅಂತಲೂ ಕೇಳಿ. ಅಡಗಿರುವ ಆಪ್‌ಡೇಟಾ ಸಮೇತ ಯೂಸರ್ ಫೋಲ್ಡರ್ ಪೂರ್ತಿ ಕಾಪಿ ಮಾಡಿದ ಮೇಲೆಯೇ ಹೊಸ ವಿಂಡೋಸ್ ಹಾಕಿ. ಆ ಕಾಪಿ ಗ್ರಾಹಕರ ಪೆನ್‌ಡ್ರೈವ್‌ನಲ್ಲೇ ಇರಲಿ, ಅಂಗಡಿಯದರಲ್ಲಿ ಬೇಡ. ಫೈರ್‌ಫಾಕ್ಸ್‌ಗೆ ಪ್ರೈಮರಿ ಪಾಸ್‌ವರ್ಡ್ (ಉಳಿಸಿದ ಪಾಸ್‌ವರ್ಡ್‌ಗಳಿಗೆಲ್ಲ ಕಾವಲಾಗಿ ಹಾಕುವ ಒಂದು ಮುಖ್ಯ ಪಾಸ್‌ವರ್ಡ್) ಹಾಕಿರದಿದ್ದರೆ ಆ ಎರಡು ಫೈಲ್ ಸಿಕ್ಕ ಯಾರು ಬೇಕಾದರೂ ಎಲ್ಲವನ್ನೂ ಓದಬಹುದು. ಮಾವನವರು ಆ ರಾತ್ರಿಯೇ ಪ್ರೈಮರಿ ಪಾಸ್‌ವರ್ಡ್ ಹಾಕಿಕೊಂಡರು. ಅದನ್ನೊಂದು ಕಾಗದದಲ್ಲಿ ಬರೆದು ಕಪಾಟಿನಲ್ಲಿ ಇಟ್ಟಿದ್ದೇವೆ.

— ಒಬ್ಬ ಓದುಗಳು, ಶಿರಸಿ ತಾಲೂಕು