ಬ್ರೇಕ್ ಆಯಿಲ್ ತುಂಬಿಸಿ ಕಳಿಸಿದರೆ ರಿಪೇರಿ ಆಗುವುದಿಲ್ಲ

ಮಾನ್ಯ ಸಂಪಾದಕರೇ,

ಬ್ರೇಕ್ ಆಯಿಲ್ ಕಮ್ಮಿಯಾಗಿದೆ ಅಂತ ಗ್ಯಾರೇಜಿಗೆ ಹೋದರೆ ನಮ್ಮ ಕಡೆ ಎಷ್ಟೋ ಜನ ಡಬ್ಬಿ ತೆಗೆದು ತುಂಬಿಸಿ ಕಳಿಸಿಬಿಡುತ್ತಾರೆ. ಇದ್ದ ಆಯಿಲ್ ಎಲ್ಲಿ ಹೋಯಿತು ಅಂತ ಹುಡುಕುವವರು ಕಮ್ಮಿ. ಇಂಜಿನ್ ಆಯಿಲ್ ಸ್ವಲ್ಪ ಸುಟ್ಟು ಹೋಗಬಹುದು. ಬ್ರೇಕ್ ಆಯಿಲ್ ಹಾಗೆ ಖರ್ಚಾಗುವಂಥದ್ದಲ್ಲ. ಚಕ್ರದ ಬ್ರೇಕ್ ಪ್ಯಾಡ್ ಸವೆಯುತ್ತಾ ಹೋದಂತೆ ಆಯಿಲಿನ ಮಟ್ಟ ತಿಂಗಳುಗಟ್ಟಲೆ ನಿಧಾನಕ್ಕೆ ಒಂಚೂರು ಇಳಿಯುತ್ತದೆ, ಅದು ಸಹಜ. ಆದರೆ ತುಂಬಿಸಿದ ಸ್ವಲ್ಪ ದಿನದಲ್ಲೇ ಮತ್ತೆ ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ, ಬೇರೆ ಅರ್ಥವೇ ಇಲ್ಲ.

ನಮ್ಮ ಮನೆಯ ಹಳೆ ಕಾರಿನಲ್ಲಿ ಆದದ್ದು ಇದೇ. ನೆಲದ ಮೇಲೆ ಒಂದು ಹನಿ ಇಲ್ಲ, ನಾಲ್ಕು ಚಕ್ರಗಳ ಒಳಬದಿಯೂ ಒಣಗಿಕೊಂಡಿತ್ತು. ಗ್ಯಾರೇಜಿನವರು ಲೀಕ್ ಇಲ್ಲ ಅಂದರು, ತುಂಬಿಸಿದರು, ಹಣ ತೆಗೆದುಕೊಂಡರು. ಆಮೇಲೆ ಗಮನಿಸಿದ್ದು ಅಪ್ಪ. ಚೆರ್ಕಳದಲ್ಲಿ ರಸ್ತೆ ಬ್ಲಾಕ್ ಆಗಿ ಗಾಡಿ ನಿಂತಿದ್ದಾಗ ಬ್ರೇಕ್ ಒತ್ತಿ ಹಿಡಿದರೆ ಪೆಡಲ್ ತನ್ನಷ್ಟಕ್ಕೆ ಮೆಲ್ಲ ಮೆಲ್ಲ ಕೆಳಗೆ ಹೋಗುತ್ತಿತ್ತು. ಬಿಟ್ಟು ಮತ್ತೆ ಒತ್ತಿದರೆ ಮೇಲೆಯೇ ಸಿಗುತ್ತಿತ್ತು.

ಬದಿಯಡ್ಕ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಇಷ್ಟು ಹೇಳಿದ್ದೇ ತಡ, ಅವರು ಚಕ್ರದ ಹತ್ತಿರ ಹೋಗಲೇ ಇಲ್ಲ. ಬಾನೆಟ್ ಎತ್ತಿ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ದೂಡುವ ಮಾಸ್ಟರ್ ಸಿಲಿಂಡರಿನ ಎರಡು ನಟ್ ಸಡಿಲಿಸಿ, ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರಿನಿಂದ ಅದನ್ನು ಸ್ವಲ್ಪ ಮುಂದಕ್ಕೆ ಎಳೆದು, ಹಿಂದುಗಡೆ ಬೆರಳು ಹಾಕಿ ನಮಗೆ ತೋರಿಸಿದರು. ಬೆರಳೆಲ್ಲ ಒದ್ದೆ. ಬೂಸ್ಟರಿನ ಬಾಯಿಯ ಕೆಳಗೆ ಪೇಂಟ್ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು, ಬ್ರೇಕ್ ಆಯಿಲ್ ತಾಗಿದಲ್ಲಿ ಪೇಂಟ್ ಉಳಿಯುವುದಿಲ್ಲ ಅಲ್ವಾ. ಸೋರಿದ ಆಯಿಲ್ ಹೊರಗೆ ಬೀಳದೆ ಬೂಸ್ಟರಿನ ಹೊಟ್ಟೆಯೊಳಗೆ ಸೇರುತ್ತಿತ್ತು. ನೆಲದಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು?

ಓದುಗರು ಇದನ್ನು ತಿಳಿದಿರಬೇಕು ಅಂತಲೇ ಬರೆಯುತ್ತಿದ್ದೇನೆ. ಮಾಸ್ಟರ್ ಸಿಲಿಂಡರಿನೊಳಗೆ ಒಂದರ ಮುಂದೆ ಒಂದು ಎರಡು ಪಿಸ್ಟನ್ ಇರುತ್ತವೆ, ಅವುಗಳ ಮೇಲೆ ರಬ್ಬರ್ ಕಪ್‌ಗಳು. ಹಿಂದಿನ ತುದಿಯ ಕಪ್ ಹೋದರೆ ಆಯಿಲ್ ಬೂಸ್ಟರಿಗೆ ಇಳಿಯುತ್ತದೆ. ಒಳಗಿನ ಕಪ್ ಹೋದರೆ ಆಯಿಲ್ ಹೊರಗೆ ಬರುವುದೇ ಇಲ್ಲ, ಒತ್ತಡ ನಿಲ್ಲದೆ ಒಳಗೊಳಗೇ ಹಿಂದಕ್ಕೆ ಜಾರುತ್ತದೆ. ಆಗ ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಸರಿಯಾಗಿಯೇ ಇರುತ್ತದೆ, ಡ್ಯಾಶ್‌ಬೋರ್ಡಿನ ಕೆಂಪು ದೀಪವೂ ಉರಿಯುವುದಿಲ್ಲ, ಪೆಡಲ್ ಮಾತ್ರ ಇಳಿಯುತ್ತದೆ. ಹಾಗಾಗಿ ಆಯಿಲ್ ಫುಲ್ ಇದೆ, ಭಯ ಇಲ್ಲ ಅನ್ನುವ ಮಾತನ್ನು ನಂಬಬೇಡಿ.

ಮನೆಯ ಅಂಗಳದಲ್ಲೇ ನೋಡಿಕೊಳ್ಳಬಹುದು. ಸಮತಟ್ಟಾದ ಕಡೆ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಚಾಲೂ ಇಟ್ಟು ಪೆಡಲನ್ನು ಒಂದೇ ಸಮ ಒತ್ತಿ ಹಿಡಿಯಿರಿ. ಒಂದು ಕಡೆ ಗಟ್ಟಿಯಾಗಿ ನಿಲ್ಲಬೇಕು. ಒತ್ತಿಕೊಂಡೇ ಇಂಜಿನ್ ಚಾಲೂ ಮಾಡಿದಾಗ ಸ್ವಲ್ಪ ಕೆಳಗೆ ಹೋಗುವುದು ಬೂಸ್ಟರಿನ ಕೆಲಸ, ಅದಕ್ಕೆ ಹೆದರಬೇಡಿ. ನಿಲ್ಲದೆ ಇಳಿಯುತ್ತಲೇ ಇದ್ದರೆ ಆ ಗಾಡಿಯನ್ನು ರಸ್ತೆಗೆ ತೆಗೆಯಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.

ಇನ್ನು ರಿಪೇರಿ. ಕಿಟ್, ಅಂದರೆ ಒಳಗಿನ ರಬ್ಬರ್ ಭಾಗಗಳನ್ನಷ್ಟೇ ಹೊಸದು ಹಾಕಿದರೆ ಸಾಕು, ಖರ್ಚು ಕಮ್ಮಿ ಅಂತ ಹೇಳುವವರಿದ್ದಾರೆ. ಸಿಲಿಂಡರಿನ ಒಳಮೈ ನುಣುಪಾಗಿದ್ದರೆ ಸರಿ. ನಮ್ಮದರಲ್ಲಿ ಗೀರು ಬಿದ್ದಿತ್ತು, ತಳದಲ್ಲಿ ಕಟ್ಟಂಚಾಯದ (ಹಾಲಿಲ್ಲದ ಚಹಾದ) ಬಣ್ಣದ ಕೆಸರು ನಿಂತಿತ್ತು. ಅಂಥದ್ದಕ್ಕೆ ಹೊಸ ರಬ್ಬರ್ ಹಾಕಿದರೂ ಅದು ಬೇಗ ಹರಿಯುತ್ತದೆ. ಆ ಮೆಕ್ಯಾನಿಕ್ ಪೂರ್ತಿ ಸಿಲಿಂಡರೇ ಬದಲಿಸಬೇಕು ಅಂದರು, ಬದಲಿಸಿದೆವು. ಬೂಸ್ಟರಿನೊಳಗೆ ನಿಂತ ಆಯಿಲನ್ನೂ ತೆಗೆಸಿದರು, ಅದನ್ನು ಹಾಗೇ ಬಿಟ್ಟರೆ ಬೂಸ್ಟರಿನ ರಬ್ಬರೂ ಹಾಳಾಗುತ್ತದೆ. ಹೊಸ ಸಿಲಿಂಡರಿಗೆ ಮೇಜಿನ ಮೇಲೇ ಆಯಿಲ್ ತುಂಬಿಸಿ, ಪಿಸ್ಟನ್ ಮೆಲ್ಲನೆ ಒತ್ತಿ ಒತ್ತಿ ಗುಳ್ಳೆ ಬರುವುದು ನಿಂತ ಮೇಲೆಯೇ ಗಾಡಿಗೆ ಕೂರಿಸಿದರು. ಆಮೇಲೆ ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗೆ ಸೇರಿದ ಏರ್ ತೆಗೆದರು. ಯಾವ ಚಕ್ರ ಮೊದಲು ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ, ಅದನ್ನೂ ನೋಡಿಕೊಂಡೇ ಮಾಡಿದರು. ಬಿಡಿಭಾಗವನ್ನು ಪೆಟ್ರೋಲು, ಸೀಮೆಎಣ್ಣೆಯಲ್ಲಿ ತೊಳೆಯಲು ಅವರು ಬಿಡಲಿಲ್ಲ. ರಬ್ಬರ್ ಉಬ್ಬಿ ಹಾಳಾಗುತ್ತದಂತೆ, ಹೊಸ ಬ್ರೇಕ್ ಆಯಿಲಿನಲ್ಲೇ ಒರೆಸಬೇಕಂತೆ. ಇಷ್ಟು ಜಾಗ್ರತೆಯ ಕೆಲಸಕ್ಕೆ ಅವರು ಕೇಳಿದ ಕೂಲಿ ಜಾಸ್ತಿ ಅಂತ ನನಗೆ ಅನಿಸಲೇ ಇಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದ್ದು. ಬ್ರೇಕ್ ಆಯಿಲಿನಲ್ಲಿ ಡಾಟ್ 3, ಡಾಟ್ 4 ಅಂತ ದರ್ಜೆಗಳಿವೆ. ಡಾಟ್ 3 ಆಯಿಲ್ ಹೊಸದರಲ್ಲಿ ಕಮ್ಮಿ ಅಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155. ಪಾಣತ್ತೂರು ದಾಟಿ ಕರಿಕೆ, ಭಾಗಮಂಡಲದ ಘಾಟಿಯಲ್ಲಿ ತಿರುವು ತಿರುವಿಗೂ ಬ್ರೇಕ್ ಒತ್ತುತ್ತಾ ಇಳಿಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆಯಿಲ್ ಕುದಿದು ಆವಿಯಾದರೆ ಪೆಡಲ್ ಸುಮ್ನೆ ನೆಲಕ್ಕೆ ಹೋಗುತ್ತದೆ. ಅದೇ ತೇವ ಸಿಲಿಂಡರಿನ ಒಳಮೈಯನ್ನೂ ತಿನ್ನುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸುವುದು ಒಳ್ಳೆಯದು, ಕಪಾಟಿನಲ್ಲಿ ಮುಚ್ಚಳ ತೆರೆದಿಟ್ಟ ಹಳೆ ಡಬ್ಬಿಯಿಂದ ಬೇಡ.

ಶಾಲೆ ತೆರೆಯುವ ಮುಂಚೆ ಮೋಟಾರು ವಾಹನ ಇಲಾಖೆಯವರು ಶಾಲಾ ಬಸ್ಸುಗಳನ್ನು ಪರಿಶೀಲಿಸುತ್ತಾರೆ. ಒಳ್ಳೆಯ ಕೆಲಸ. ಮನೆಯ ಕಾರಿಗೆ ಮಾತ್ರ 15 ವರ್ಷ ತುಂಬಿ ನೋಂದಣಿ ನವೀಕರಿಸುವವರೆಗೆ ಅಂಥ ತಪಾಸಣೆ ಇಲ್ಲ. ಆದರೆ ಮಂಗಳೂರಿನ ಆಸ್ಪತ್ರೆಗೆ ಅಜ್ಜ ಅಜ್ಜಿಯನ್ನು ಕರೆದುಕೊಂಡು ಹೋಗುವುದು, ಮಕ್ಕಳನ್ನು ಮದುವೆಗೆ ಕರೆದೊಯ್ಯುವುದು ಇದೇ ಹಳೆ ಕಾರುಗಳಲ್ಲಿ. ಎಣ್ಮಕಜೆ, ಬೆಳ್ಳೂರು, ಕಾರಡ್ಕ, ದೇಲಂಪಾಡಿಯಂಥ ಪಂಚಾಯತುಗಳಲ್ಲಿ ಪ್ರತಿ ಮೇ ತಿಂಗಳಲ್ಲಿ ಒಂದು ದಿನ ಬ್ರೇಕ್ ತಪಾಸಣೆ ಶಿಬಿರ ಇಡಲಿ. ದಂಡ ಹಾಕಲಿಕ್ಕಲ್ಲ, ನೋಡಿ ಹೇಳಲಿಕ್ಕೆ. ಮಾಹಿತಿಯ ಕರಪತ್ರ ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ, ಇಲ್ಲಿನ ಹಿರಿಯರಲ್ಲಿ ಹೆಚ್ಚಿನವರು ಓದುವುದು ಕನ್ನಡವನ್ನೇ.

ಗ್ಯಾರೇಜಿನವರಲ್ಲಿಯೂ ಒಂದು ವಿನಂತಿ. ಬ್ರೇಕ್ ಆಯಿಲ್ ಹಾಕಿದರೆ ಯಾಕೆ ಕಮ್ಮಿಯಾಗಿತ್ತು ಅಂತ ಬಿಲ್ಲಿನಲ್ಲಿ ಬರೆಯಿರಿ. ಕಾರಣ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯಿರಿ, ಇನ್ನೊಬ್ಬರಲ್ಲಿ ತೋರಿಸಿಕೊಳ್ಳುತ್ತೇವೆ.

ಒಬ್ಬ ಓದುಗ,
ಪೆರ್ಲ, ಕಾಸರಗೋಡು ಜಿಲ್ಲೆ