ಮಂಡ್ಯ ಕಾಸು

ಪುಟ್ಟಿ,

ರಾತ್ರಿ ಸೂಟ್‌ಕೇಸ್ ತೂಕ ನೋಡುವಾಗ ನೀನು ಕೇಳಿದೆ: "ಅಪ್ಪಾ, ಬಡವರಿಗೆ ಕೊಟ್ಟ ದಾನದ ಕಾಸನ್ನ ದುಡ್ಡು ಕೊಟ್ಟು ತಂದು ಬೀರುವಿನಲ್ಲಿ ಇಡ್ತೀಯಲ್ಲ, ಇದೆಂಥ ಹವ್ಯಾಸ?" ನಾನು ರೇಗಿಬಿಟ್ಟೆ. ಊಟ ಬಿಟ್ಟು ಎದ್ದೆ. ಬೆಳಿಗ್ಗೆ ನಿನ್ನೆದುರು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಇಂಗ್ಲೆಂಡಿನ ಯಾರ್ಕ್‌ಗೆ ಓದಲು ಹೋಗುತ್ತಿರುವುದು ನನಗೆಷ್ಟು ಹೆಮ್ಮೆ ಗೊತ್ತಾ? ರಾಜ ಚಾರ್ಲ್ಸ್ ಪಟ್ಟಕ್ಕೆ ಬಂದ ಮೇಲೆ ಮೊದಲ ಮಾಂಡಿ ದಾನ, ಅಂದರೆ ಈಸ್ಟರ್ ಹಬ್ಬದ ಹಿಂದಿನ ಗುರುವಾರ ಅಲ್ಲಿನ ರಾಜರು ಕೊಡುವ ಕಾಸಿನ ದಾನ, ಕೊಟ್ಟದ್ದು ಆ ಊರಲ್ಲೇ, 2023ರ ಏಪ್ರಿಲ್‌ನಲ್ಲಿ, ಯಾರ್ಕ್ ಮಿನ್‌ಸ್ಟರ್ ಚರ್ಚಿನಲ್ಲಿ. ಆಗ ಅವರಿಗೆ 74 ವರ್ಷ. ಅದಕ್ಕೆ 74 ಗಂಡಸರು, 74 ಹೆಂಗಸರು, ಒಬ್ಬೊಬ್ಬರಿಗೂ 74 ಪೆನ್ನಿ ಬೆಲೆಯ ಬೆಳ್ಳಿ ಕಾಸು. ಹಿಂದಿನ ಕಾಲದಲ್ಲಿ ರಾಜರೇ ಬಡವರ ಕಾಲು ತೊಳೆಯುತ್ತಿದ್ದರು. ಈಗ ಊರಿಗೆ, ಚರ್ಚಿಗೆ ದುಡಿದ ಹಿರಿಯರಿಗೆ ಕೊಡುತ್ತಾರೆ. ನೋಡು, ಮತ್ತೆ ಪಾಠ ಶುರು ಮಾಡಿದೆ.

ಚಿಕ್ಕವಳಿದ್ದಾಗ ನೀನು ಅದನ್ನ 'ಮಂಡ್ಯ ಕಾಸು' ಅನ್ನುತ್ತಿದ್ದೆ. ನನ್ನ ಸೆಟ್ 1936ರದು. ನಾಲ್ಕು, ಮೂರು, ಎರಡು, ಒಂದು ಪೆನ್ನಿ. ಆ ವರ್ಷ ಜನವರಿಯಲ್ಲಿ ಐದನೇ ಜಾರ್ಜ್ ತೀರಿಕೊಂಡಿದ್ದರು. ಏಪ್ರಿಲ್‌ನಲ್ಲಿ ದಾನ ಕೊಟ್ಟದ್ದು ಮಗ ಎಡ್ವರ್ಡ್. ಕಾಸಿನ ಮೇಲೆ ಮಾತ್ರ ಅಪ್ಪನದೇ ಮುಖ. ದೇವರಾಜ ಮಾರುಕಟ್ಟೆ ಹತ್ತಿರ ಕೊಂಡದ್ದು. ಕೊಟ್ಟ ಬೆಲೆ ಒಂದು, ಅಮ್ಮನಿಗೆ ಹೇಳಿದ ಬೆಲೆ ಇನ್ನೊಂದು.

ಅದರಲ್ಲಿ ಒಂದು ಪೆನ್ನಿ ಅಂಗಿ ಗುಂಡಿಯಷ್ಟೇ ಇರುವುದು. ನಿನಗೆ ಆರು ವರ್ಷವಿದ್ದಾಗ ಅದು ಕಾಣೆಯಾಯಿತು. ಮನೆಗೆಲಸಕ್ಕೆ ಬರುತ್ತಿದ್ದ ರೊಟ್ಟಿ ಅತ್ತೆಯನ್ನ ನಾನು ಕೇಳಿದೆ. ಕೇಳಿದೆ ಅನ್ನುವುದು ಸುಳ್ಳು, ಜೋರು ಮಾಡಿದೆ. ನನಗಿಂತ ಹತ್ತು ವರ್ಷ ದೊಡ್ಡವರು, ಏಕವಚನದಲ್ಲೇ ಕೂಗಾಡಿದೆ. ಅವರು ಏನೂ ಮಾತಾಡಲಿಲ್ಲ. ಕೈ ಒರೆಸಿಕೊಂಡು, ಸೆರಗಿನ ಗಂಟು ಬಿಚ್ಚಿ ನನ್ನ ಮುಂದೆ ಹಿಡಿದರು. ಎರಡು ರೂಪಾಯಿಯ ಒಂದು ನಾಣ್ಯ, ಅರ್ಧ ಅಡಿಕೆ, ಬಾಡಿದ ಒಂದು ಎಲೆ. ನಾನು ಬಗ್ಗಿ ನೋಡಿದೆ ಪುಟ್ಟಿ. ನೋಡಬಾರದಿತ್ತು, ನೋಡಿದೆ. ಆ ಗಂಟನ್ನ ಮತ್ತೆ ಕಟ್ಟಿಕೊಳ್ಳಲು ಅವರಿಗೆ ತುಂಬಾ ಹೊತ್ತು ಹಿಡಿಯಿತು, ಬೆರಳು ನಡುಗುತ್ತಿತ್ತು. ಮಾರನೇ ದಿನದಿಂದ ಬರಲಿಲ್ಲ. ಆ ತಿಂಗಳ ಸಂಬಳವನ್ನೂ ಕೇಳಲಿಲ್ಲ. ನೀನು ವಾರವಿಡೀ ಅಕ್ಕಿರೊಟ್ಟಿ ಬೇಕು ಅಂತ ಹಟ ಮಾಡಿದೆ.

ಎರಡು ವರ್ಷದ ಮೇಲೆ ಬಣ್ಣ ಹೊಡೆಸುವಾಗ ಬೀರುವಿನ ಹಲಗೆಗೆ ಹಾಸಿದ್ದ ಪೇಪರ್ ತೆಗೆದೆ. ಪೆನ್ನಿ ಅದರಡಿ ಇತ್ತು. ಡಬ್ಬಿಯಲ್ಲಿ ನಾಲ್ಕೂ ಇರುವುದು ನೋಡಿ ನೀನು "ಹೊಸದಾ ಅಪ್ಪಾ?" ಅಂದೆ. ನಾನು ಹೂಂ, ಕೊಂಡೆ ಅಂದೆ. ರಾತ್ರಿ ರೇಗಿದ್ದು ನಿನ್ನ ಮೇಲಲ್ಲ.

ಅಲ್ಲಿ ನಿನ್ನ ರೂಮಿನಲ್ಲಿ ಏನಾದರೂ ಕಳೆದರೆ ಮೊದಲು ಹಾಸಿಗೆ ಕೊಡವಿ ನೋಡು. ಚೀಲ ಪೂರ್ತಿ ಸುರಿದು ನೋಡು. ಆಮೇಲೆ ಬೇರೆಯವರನ್ನ ಕೇಳು. ಪಾಸ್‌ಪೋರ್ಟ್ ಒಂದೇ ಕಡೆ ಇಡು. ಜೊತೆಯಲ್ಲಿ ಇರುವವರು ಯಾವ ದೇಶದವರೇ ಆಗಲಿ... ಸಾಕು, ಇದನ್ನ ಹೇಳುವ ಯೋಗ್ಯತೆ ನನಗೆಲ್ಲಿದೆ. ನನಗೆ ಕಾಸು ಗೀಸು ಏನೂ ತರಬೇಡ. ಶೀತ ಜಾಸ್ತಿ ಅಂತೆ, ಕಿವಿ ಮುಚ್ಚಿಕೋ.

ಹೋದ ತಿಂಗಳು ಬಸ್ಸಿನ ಕಿಟಕಿಯಿಂದ ಅವರನ್ನ ನೋಡಿದೆ. ಮಂಡ್ಯ ಬಸ್ ಸ್ಟ್ಯಾಂಡ್ ಹತ್ತಿರ ಸೊಪ್ಪು ಹಾಕಿಕೊಂಡು ಕೂತಿದ್ದರು. ಅವರೇ, ಅನುಮಾನವಿಲ್ಲ. ಬಸ್ಸು ಐದು ನಿಮಿಷ ನಿಂತಿತ್ತು. ನಾನು ಇಳಿಯಲಿಲ್ಲ.

ಗುರುವಾರ ಏರ್‌ಪೋರ್ಟ್‌ಗೆ ಹೋಗುವಾಗ ಡ್ರೈವರ್ ಎಕ್ಸ್‌ಪ್ರೆಸ್‌ವೇ ಅಂತಾನೆ. ಅದು ಮಂಡ್ಯದ ಹೊರಗೇ ಹೋಗಿಬಿಡುತ್ತೆ. ಹಳೇ ರೋಡಲ್ಲೇ ಹೋಗೋಣ ಅಂತ ನೀನೇ ಹೇಳು. ಎರಡು ಗಂಟೆ ಮುಂಚೆ ಹೊರಡೋಣ. ಮೊದಲು ನೀನು ಇಳಿ, ರೊಟ್ಟಿ ಅತ್ತೆ ಅಂತ ಕರೆ. ಹಿಂದೆ ನಾನು ಬರುತ್ತೇನೆ. ಬಾಕಿ ಸಂಬಳದ ಕವರ್ ಜೇಬಲ್ಲಿ ಇಟ್ಟುಕೊಂಡಿದ್ದೇನೆ. ಎಷ್ಟು ಹಾಕಬೇಕು ಅಂತ ಅಮ್ಮನೂ ನಾನೂ ಬೆಳಿಗ್ಗೆಯಿಂದ ಲೆಕ್ಕ ಹಾಕುತ್ತಲೇ ಇದ್ದೇವೆ.

ಅಪ್ಪ